ನಾದಿನಿಯ ಹಿಮನದಿ

ನನ್ನ ನಾದಿನಿಯಷ್ಟು ಸೂಕ್ಷ್ಮ ಕಣ್ಣಿನ ಹೆಣ್ಣು ಈ ದಾಂಡೇಲಿಯಲ್ಲಿ ಇನ್ನೊಬ್ಬಳಿಲ್ಲ ಎಂದು ಬೇಕಾದರೆ ಆಣೆ ಮಾಡಿ ಹೇಳುತ್ತೇನೆ. ಹಿಮಾಲಯದ ಯಾವುದೋ ಮೂಲೆಯ ಹಿಮನದಿ ಹೋದ ವರ್ಷಕ್ಕಿಂತ ಈ ವರ್ಷ ಎಷ್ಟು ಕೆಳಗೆ ಸರಿದಿದೆ ಎಂದು ಕೇಳಿ ನೋಡಿ, ನಮ್ಮ ಅಡಿಗೆಮನೆಯ ಕಟ್ಟೆಯ ಮೇಲೆ ಕೂತೇ ಹೇಳಿಬಿಡುತ್ತಾಳೆ. ಆದರೆ ಅದೇ ಕಟ್ಟೆಯ ಮೇಲೆ, ಆಕೆಯ ಮೊಣಕೈ ಪಕ್ಕದಲ್ಲೇ ಇಟ್ಟ ಹಾಲು ಉಕ್ಕಿ, ಒಲೆ ದಾಟಿ, ಕಟ್ಟೆ ಇಳಿದು, ನೆಲದ ಮೇಲೆ ಹರಿದು ನಮ್ಮತ್ತೆಯ ಪಾದ ತೊಳೆದರೂ ಆಕೆಗೆ ಗೊತ್ತಾಗುವುದಿಲ್ಲ! ಕೇಳಿದರೆ, "ಬಿಸಿ ಪದಾರ್ಥ ನನ್ನ ವಿಷಯ ಅಲ್ರಿ ವೈನಿ" ಎನ್ನುತ್ತಾಳೆ. ಇಂಥವಳಿಗೆ ಏನು ಹೇಳುತ್ತೀರಿ?

ನಾದಿನಿ ಎಂದರೆ ನಮ್ಮವರ ತಂಗಿ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಳು. ನಮ್ಮ ಕಡೆ ನಾದಿನಿಯನ್ನು ಕಾಡುವುದು ವೈನಿಯಾದವಳ ಜನ್ಮಸಿದ್ಧ ಹಕ್ಕು. ಅದನ್ನು ನಾನು ಒಂದು ದಿನವೂ ಬಿಟ್ಟುಕೊಟ್ಟವಳಲ್ಲ. ಮಾವನವರು ಧಾರವಾಡದ ಕಡೆಯಿಂದ ಪೇಪರ್ ಮಿಲ್ಲಿನ ಕೆಲಸಕ್ಕೆಂದು ಬಂದವರು, ಈಗ ನಮ್ಮವರೂ ಅದೇ ಮಿಲ್ಲಿನಲ್ಲಿದ್ದಾರೆ. ನಮ್ಮ ಏಳು ತಲೆಮಾರಿನಲ್ಲಿ ಹಿಮ ಕಂಡವರು ಯಾರೂ ಇಲ್ಲ. ಹೊಳೆಯಲ್ಲಿ ಮೊಸಳೆ ಇರುವ ಊರಿನ ಹುಡುಗಿ ಮೊಸಳೆಯನ್ನಾದರೂ ಓದಬಹುದಿತ್ತು. ಹಿಮ ಹೇಗೆ ತಲೆಗೆ ಹೊಕ್ಕಿತೋ ದೇವರೇ ಬಲ್ಲ! ನಡಿಗೆ ಮಾತ್ರ ಮೊದಲಿನಿಂದಲೂ ಹಿಮನದಿಯದೇ. ಕೊತ್ತಂಬರಿ ತರಲು ಸಂತೆಗೆ ಕಳಿಸಿದರೆ ಸೊಪ್ಪು ಬಾಡಿದ ಮೇಲೆ ಮನೆ ಮುಟ್ಟುತ್ತಾಳೆ. "ಬ್ಯಾರೆ ಎಲ್ಲೂ ಹುಡುಕಬ್ಯಾಡ್ರಿ, ಹಿಮನದಿ ಇಲ್ಲೇ ಬರಾಕತ್ತೈತಿ ನೋಡ್ರಿ" ಎಂದು ನಮ್ಮತ್ತೆ ಬಾಗಿಲಲ್ಲಿ ನಿಂತು ಸಾರುತ್ತಾರೆ.

ಪಿಎಚ್‌ಡಿ ಎಂದರೆ ಓದಿನ ತುದಿ ಎಂದು ನಾವೆಲ್ಲ ತಿಳಿದಿದ್ದೆವು. ಅದು ಮುಗಿದ ದಿನ ಓಣಿಗೆಲ್ಲ ಪೇಢಾ ಹಂಚಿದೆವು. ಆಮೇಲೆ ನೋಡಿದರೆ ಆ ತುದಿಗೂ ಒಂದು ಬಾಲವಿದೆ, ಅದರ ಹೆಸರು ಪೋಸ್ಟ್‌ಡಾಕ್! ಅಂದರೆ ಓದಿದ್ದು ಸಾಲದು, ಯಾರಾದರೂ ದೊಡ್ಡವರ ಕೈಕೆಳಗೆ ಇನ್ನೂ ಒಂದೆರಡು ವರ್ಷ ಅದನ್ನೇ ಅಗೆಯಬೇಕು. ಎರಡು ಸಲ ಅರ್ಜಿ ಹಾಕಿದಳು, ಎರಡು ಸಲವೂ "ಕ್ಷಮಿಸಿ" ಎಂದು ಉತ್ತರ ಬಂತು. ಈ ಸಲ ಉತ್ತರದ ಬೆಟ್ಟದೂರಿನ ಒಂದು ಸಂಸ್ಥೆಯವರು ಉಪಗ್ರಹದ ಚಿತ್ರ ನೋಡಿ ಹಿಮನದಿಯ ಚಲನೆ ಅಳೆಯುವವರು ಬೇಕೆಂದು ಅರ್ಜಿ ಕರೆದಿದ್ದರು. ಅರ್ಜಿ ಕಳಿಸಿದ ದಿನ ನಾದಿನಿ ದೇವರ ಮುಂದೆ ನಿಂತು ಅವ್ವನಿಗೆ ಮಾತು ಕೊಟ್ಟಳು.

"ಇದ ಕಡೀದು ನೋಡವಾ. ಇದು ಆಗ್ಲಿಲ್ಲಂದ್ರ ಹಳಿಯಾಳದ ಕೋಚಿಂಗ್ ಕ್ಲಾಸಿನ್ಯಾಗ ಭೂಗೋಳ ಕಲಿಸ್ಕೋತ ಇರ್ತೇನಿ. ಮತ್ತ ಹಿಮದ ಮಾತ ಎತ್ತೂದಿಲ್ಲ."

ಅತ್ತೆ ಒಳಗೊಳಗೇ ಖುಷಿಪಟ್ಟರು. ನನಗೆ ಮಾತ್ರ ಸಂಕಟವಾಯಿತು. ಹಿಮದ ಮಾತೆತ್ತದ ನಾದಿನಿಯನ್ನು ನಾನು ಕಾಡುವುದಾದರೂ ಹೇಗೆ?

ಆಕೆ ಮಾಡುವ ಕೆಲಸ ಏನೆಂದು ನನಗೆ ಚಪಾತಿ ಲಟ್ಟಿಸುವಾಗ ತಿಳಿಸಿಕೊಟ್ಟಿದ್ದಾಳೆ. ಒಂದೇ ಜಾಗದ ಎರಡು ಫೋಟೋ ಬೇಕು. ಒಂದು ಹಿಂದಿನದು, ಒಂದು ಈಗಿನದು. ಹಿಮದ ಮೇಲಿನ ಒಂದು ಕಲ್ಲೋ ಬಿರುಕೋ ಅಲ್ಲಿಂದ ಇಲ್ಲಿಗೆ ಎಷ್ಟು ಬಂತು ಎಂದು ಅಳೆಯಬೇಕು. ಅದಕ್ಕೂ ಮೊದಲು ಪಕ್ಕದಲ್ಲಿ ಒಂದು ಅಲುಗದ ಬಂಡೆಯನ್ನು ಗುರುತು ಹಿಡಿದಿಟ್ಟುಕೊಳ್ಳಬೇಕು. ಬಂಡೆಯೇ ಸರಿದಂತೆ ಕಂಡರೆ ತಪ್ಪು ಫೋಟೋದ್ದು. ಇಷ್ಟೇ! ಇದಕ್ಕೆ ಇಷ್ಟು ವರ್ಷ ಓದಬೇಕೇ? ಸೊಸೆ ಬಂದ ಮೇಲೆ ಮಗ ಎಷ್ಟು ಸರಿದ ಎಂಬುದನ್ನು ನಮ್ಮತ್ತೆ ಯಾವ ಫೋಟೋದ ಹಂಗೂ ಇಲ್ಲದೆ ಹೇಳುತ್ತಾರಲ್ಲ!

ಆದರೆ ಉಪಗ್ರಹಕ್ಕೆ ಮೋಡ ಅಡ್ಡ ಬಂದರೆ ಏನೂ ಕಾಣುವುದಿಲ್ಲವಂತೆ. ಅದಕ್ಕೇ ಆಕೆಗೂ ಮೋಡಕ್ಕೂ ಹುಟ್ಟಾ ವೈರ. ಜೋಯಿಡಾ ಕಡೆಯ ಗುಡ್ಡಗಳ ಮೇಲೆ ಮುಂಗಾರಿನ ಮೊದಲ ಮೋಡ ಏರಿದಾಗ ಊರಿಗೆ ಊರೇ ಮುಖ ಮೇಲೆತ್ತಿ ನಗುತ್ತಿದ್ದರೆ ಈಕೆ ಮಾತ್ರ "ಬಂತು ನೋಡ್ರಿ ಪೀಡಾ" ಎಂದು ಕಿಟಕಿ ಹಾಕಿಕೊಳ್ಳುತ್ತಾಳೆ. ಆ ಮೋಡಕ್ಕೂ ಹಿಮಾಲಯಕ್ಕೂ ಏನು ಸಂಬಂಧ ಎಂದರೆ, "ಎಲ್ಲಾ ಒಂದ ಜಾತಿ" ಎಂಬ ಉತ್ತರ.

ಮನೆಯಲ್ಲಿ ಹಿಮವಿಲ್ಲ ಎಂಬ ಕೊರತೆಯನ್ನು ನಮ್ಮ ಹಳೆಯ ಫ್ರಿಜ್ಜು ತುಂಬಿಸಿತು. ಅದರ ಮೇಲಿನ ಗೂಡಿನಲ್ಲಿ ಮಂಜು ಕಟ್ಟುತ್ತದೆ. ಅದನ್ನು ಆಗಾಗ ಕರಗಿಸಬೇಕು. ನಾದಿನಿ ಕರಗಿಸಲು ಬಿಡಲಿಲ್ಲ. ಅಲ್ಲೊಂದು ಬಟಾಣಿ ಪಾಕೀಟು ಇತ್ತು. ಮಂಜು ಗೋಡೆಯಿಂದ ಇಳಿದು ಆ ಪಾಕೀಟಿನ ಕಡೆಗೆ ಹೇಗೆ ಬೆಳೆಯುತ್ತದೆ ಎಂದು ದಿನಾ ಮುಂಜಾನೆ ಹಲ್ಲುಜ್ಜುವ ಮೊದಲು ಒಂದು ಫೋಟೋ! ನಾನು ಪಲ್ಯಕ್ಕೆ ಬಟಾಣಿ ಕೇಳಿದರೆ, "ವೈನಿ, ಅದು ಗುರುತಿನ ಬಂಡೆಗಲ್ಲು ಇದ್ದಂಗ, ಅಲುಗಿಸಬ್ಯಾಡ್ರಿ" ಎಂದು ಕೈ ಮುಗಿದಳು. ಹಬ್ಬ ಬಂತು. ಬೆಣ್ಣೆ ಇಡಲು ಜಾಗವಿಲ್ಲದೆ ಅತ್ತೆ ರೇಗಿ ಒಂದು ಮಧ್ಯಾಹ್ನ ಪ್ಲಗ್ಗನ್ನೇ ಕಿತ್ತರು. ಅಷ್ಟೂ ಮಂಜು ಕರಗಿ ನೀರು ಅಡಿಗೆಮನೆ ತುಂಬಿ ಪಡಸಾಲೆಗೆ ಬಂತು. ಅಕ್ಕಿಚೀಲದ ತಳ ನೆನೆಯಿತು. ನಾನೂ ಅತ್ತೆಯೂ ಸೀರೆ ಎತ್ತಿ ಕಟ್ಟಿ ನೀರು ಬಳಿಯುತ್ತಿದ್ದರೆ, ಬಾಗಿಲಲ್ಲಿ ನಿಂತ ನಾದಿನಿ ಶಾಂತವಾಗಿ ಹೇಳಿದ್ದೇನು ಗೊತ್ತೇ?

"ಹಿಮ ಒಮ್ಮೆಲೆ ಕರಗಿದ್ರ ತಗ್ಗಿನ ಊರಿಗೆ ಏನಾಗ್ತೈತಂತ ನಾ ಎಷ್ಟ ಸಲ ಹೇಳಿದ್ರೂ ನಿಮಗ ತಿಳೀತಿರ್ಲಿಲ್ಲ. ಈಗ ತಿಳೀತಿಲ್ಲೊ?"

ಅತ್ತೆ ಕಸಬರಿಗೆ ಎತ್ತಿಕೊಂಡರು. ಆ ಒಂದು ದಿನ ಮಾತ್ರ ನಾದಿನಿ ಓಡಿದ್ದನ್ನು ನಾನು ಕಂಡಿದ್ದೇನೆ.

ಬಟಾಣಿ ಹೋದ ಮೇಲೆ ಆಕೆಯ ಕಣ್ಣು ಪಡಸಾಲೆಗೆ ಬಿತ್ತು. ಹೊಸ್ತಿಲ ಮೇಲೆ ನಿಂತು ಅದೇ ಕೋನದಿಂದ ತಿಂಗಳಿಗೊಂದು ಫೋಟೋ ತೆಗೆದು ಹೋಲಿಸಿದಳು. ಒಂದು ರವಿವಾರ ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಘೋಷಣೆಯಾಯಿತು.

"ಅಣ್ಣನ ಕುರ್ಚಿ ಟಿ.ವಿ. ಕಡೆ ಸರಿಯಾಕತ್ತೈತಿ."

"ಏನ್ ಮಾತಾಡ್ತಿ? ಕುರ್ಚಿಗೇನ ಕಾಲ ಬಂದಾವ?" ಎಂದು ನಮ್ಮವರು ಗುಡುಗಿದರು.

"ದೇವರ ಗೂಡು ಇದ್ದಲ್ಲೇ ಐತಿ. ಗಡಿಯಾರ ಇದ್ದಲ್ಲೇ ಐತಿ. ಸರದಿದ್ದು ಕುರ್ಚಿ ಒಂದ. ತಿಂಗಳಿಗೆ ಒಂದು ಗೇಣು, ಎರಡು ಬೆರಳು ಹೆಚ್ಚು-ಕಡಿಮಿ. ಹಿಂಗ ಬಿಟ್ರ ದೀಪಾವಳಿ ಹೊತ್ತಿಗೆ ನೀ ಟಿ.ವಿ. ಒಳಗ ಇರ್ತಿ."

ಈ "ಹೆಚ್ಚು-ಕಡಿಮಿ" ಆಕೆಯ ಪ್ರಾಣ. ಹೆಚ್ಚು-ಕಡಿಮೆ ಎಷ್ಟೆಂದು ಹೇಳದೆ ಯಾವ ಅಳತೆಯನ್ನೂ ಬಾಯಿಂದ ಬಿಡುವವಳಲ್ಲ. ಎಷ್ಟು ಚಪಾತಿ ಬೇಕು ಎಂದರೆ, "ಮೂರು, ಒಂದು ಹೆಚ್ಚು-ಕಡಿಮಿ" ಎನ್ನುತ್ತಾಳೆ. ನಮ್ಮವರು ಒಂದು ವಾರ ಮುನಿಸಿಕೊಂಡಿದ್ದರು, ಆಮೇಲೆ ಯಾರಿಗೂ ಹೇಳದೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದರು. ಈಗ ಕುರ್ಚಿ ಸ್ವಸ್ಥಾನಕ್ಕೆ ಮರಳಿದೆ, ನಮ್ಮವರ ಮೂಗಿನ ಮೇಲೆ ಚಾಳೀಸು ಬಂದಿದೆ.

ಈ ಕೀರ್ತಿ ಹಳಿಯಾಳ ಮುಟ್ಟಿತು. ಅಲ್ಲಿ ನಮ್ಮ ಕಾಕಾನ, ಅಂದರೆ ಮಾವನವರ ತಮ್ಮನ, ಕಬ್ಬಿನ ಹೊಲವಿದೆ. ಪಕ್ಕದ ಹೊಲದವನಿಗೂ ಇವರಿಗೂ ಬದುವಿನ ಜಗಳ. ಎರಡು ಹೊಲದ ನಡುವಿನ ಬದುವನ್ನು ಉಳುಮೆಯ ಹೊತ್ತಿಗೆ ಪ್ರತಿ ವರ್ಷ ಇಷ್ಟಿಷ್ಟೇ ಆಚೆ ತಳ್ಳುವುದು ನಮ್ಮ ಸೀಮೆಯ ಪುರಾತನ ಕಲೆ. ಹಿಮನದಿಯೂ ಅಷ್ಟು ನಾಜೂಕಾಗಿ ಸರಿಯಲಾರದು! ಕಾಕಾ ಫೋನು ಮಾಡಿ, "ನಿನ್ನ ಉಪಗ್ರಹ ಮ್ಯಾಲಿಂದ ಎಲ್ಲಾ ನೋಡ್ತೈತಲ್ಲ? ಆ ಮಗ ನನ್ನ ಬದು ಎಷ್ಟ ತಿಂದಾನ ಅಂತ ಹಿರಿಯರ ಮುಂದ ತೋರಿಸು ಬಾ" ಎಂದು ಕರೆಸಿಕೊಂಡರು. ಊರ ಹಿರಿಯರು ಕಾಕಾನ ಪಡಸಾಲೆಯಲ್ಲಿ ಕೂತರು. ಪಕ್ಕದ ಹೊಲದವನೂ ತಲೆ ತಗ್ಗಿಸಿ ಬಂದ. ಕಾಕಾನ ಹೆಂಡತಿ ಕಾಕೂ ಎಲ್ಲರಿಗೂ ಚುರುಮುರಿ ಕೊಟ್ಟರು. ನಾದಿನಿ ಲ್ಯಾಪ್‌ಟಾಪ್ ತೆರೆದು, ಗುರುತಿಗೆ ಬಾವಿಯನ್ನು ಹಿಡಿದು, ಹಿಂದಿನ ಚಿತ್ರ ಈಗಿನ ಚಿತ್ರ ಎರಡನ್ನೂ ಒಂದರ ಮೇಲೊಂದು ಇಟ್ಟಳು. ನೋಡಿದಳು. ಮತ್ತೆ ನೋಡಿದಳು.

"ಬದು ಸರದೈತಿ, ಖರೆ" ಎಂದಳು.

"ನಾ ಹೇಳ್ಲಿಲ್ಲೇನ್ರಿ?" ಎಂದು ಕಾಕಾ ಮೀಸೆ ತಿರುವಿದರು.

"ಅವರ ಹೊಲದ ಕಡೆ ಸರದೈತಿ ಕಾಕಾ."

ಕಾಕಾನ ಕೈ ಮೀಸೆಯಿಂದ ಇಳಿಯಿತು. ಕಾಕಾ ಸಾವರಿಸಿಕೊಂಡು, "ಅಷ್ಟ ಎತ್ತರದಿಂದ ಒಂದೆರಡು ಮೊಳ ಹೆಂಗ ಕಾಣಬೇಕವಾ? ಹೆಚ್ಚು-ಕಡಿಮಿ ಆಗ್ತೈತಿಲ್ಲ?" ಎಂದು ಆಕೆಯ ಅಸ್ತ್ರವನ್ನೇ ಆಕೆಯ ಮೇಲೆ ಬಿಟ್ಟರು.

"ಒಂದೆರಡು ಮೊಳ ಕಾಣೂದಿಲ್ಲ ಕಾಕಾ, ನೀವು ಹೇಳೂದು ಬರೋಬ್ಬರಿ ಐತಿ. ಆದ್ರ ನೀವು ಅಷ್ಟಕ್ಕ ನಿಲ್ಲಿಸಿಲ್ಲ."

ಹೊಟ್ಟೆ ಹಿಡಿದುಕೊಂಡು ನಕ್ಕವರಲ್ಲಿ ಪಕ್ಕದ ಹೊಲದವನೇ ಮೊದಲಿಗ. ಆವತ್ತಿನಿಂದ ಕಾಕಾನ ಮನೆಯಿಂದ ನಮಗೆ ಬೆಲ್ಲ ಬರುವುದು ನಿಂತಿದೆ.

ಹೀಗಿರುವಾಗ ಸಂದರ್ಶನದ ದಿನ ಗೊತ್ತಾಯಿತು. ಯಾವ ಹಿಮನದಿಯನ್ನು ಓದುತ್ತೀರಿ, ಯಾಕೆ ಓದುತ್ತೀರಿ ಎಂದು ಮೊದಲೇ ಬರೆದು ಕಳಿಸಬೇಕಿತ್ತು. ನಾದಿನಿ ಎಲ್ಲರಿಗೂ ಗೊತ್ತಿರುವ ಒಂದು ಭಾರೀ ಹಿಮನದಿಯನ್ನು ಆರಿಸಿಕೊಂಡು ಎಲ್ಲ ತಯಾರಿ ಮಾಡಿದ್ದಳು. ಮಗಳು ಚಳಿಯ ಊರಿಗೆ ಹೋಗುವುದೇ ಬೇಡವೆಂದಿದ್ದ ಅತ್ತೆ ಈಗ, "ಹೋಗೂದ ಆತಂದ್ರ ಥಂಡ್ಯಾಗ ಸಾಯಬಾರ್ದಲ್ಲ, ಸ್ವೆಟರ್ ತರೂಣು" ಎಂದು ಹೊರಟರು. ಕೂಸು ಹುಟ್ಟುವ ಮೊದಲೇ ಕುಲಾವಿ! ನಮ್ಮ ಜಿಲ್ಲೆಯಲ್ಲಿ ಬೆಚ್ಚನೆಯ ಬಟ್ಟೆಗೆ ಮುಂಡಗೋಡದ ಟಿಬೆಟನ್ ಕ್ಯಾಂಪಿಗಿಂತ ಒಳ್ಳೆಯ ಜಾಗ ಯಾವುದಿದೆ? ನಮ್ಮವರ ಹಳೆಯ ಕಾರಿನಲ್ಲಿ ಮೂವರೂ ಹೋದೆವು.

ನಾನೂ ಅತ್ತೆಯೂ ಅಂಗಡಿಯಲ್ಲಿ ಸ್ವೆಟರುಗಳನ್ನು ಎಳೆದೆಳೆದು ನೋಡುವಾಗ ನಾದಿನಿ ಪಕ್ಕದ ಪುಟ್ಟ ಖಾನಾವಳಿಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿ ಕೂತಿದ್ದಳು. ಅದನ್ನು ನಡೆಸುವ ಟಿಬೆಟನ್ ಅಜ್ಜಿ ಮೊಮೊ ತಟ್ಟೆ ಇಡಲು ಬಂದವಳು ಪರದೆಯ ಮೇಲಿನ ಬಿಳಿಯ ಗುಡ್ಡಗಳನ್ನು ಕಂಡು ಅಲ್ಲೇ ಕುರ್ಚಿ ಎಳೆದು ಕೂತಳು. ನಾವು ಕೆಂಪು ಸ್ವೆಟರ್ ಹಿಡಿದು ಹೋದಾಗ ಇಬ್ಬರ ತಲೆಯೂ ಪರದೆಗೆ ಅಂಟಿತ್ತು. ಅಜ್ಜಿಯ ಬೆರಳು ಚಿತ್ರದ ಮೇಲೆ ಮೆಲ್ಲಗೆ ಏನೋ ಹುಡುಕುತ್ತಿತ್ತು. ಮೊಮೊ ತಣ್ಣಗಾಗಿತ್ತು. ವಾಪಸು ಬರುವಾಗ ಯಲ್ಲಾಪುರ ಮುಟ್ಟುವ ತನಕ ನಾದಿನಿ ತುಟಿ ಪಿಟಕ್ಕೆನ್ನಲಿಲ್ಲ. ನಾನು ಕೆಣಕಿ ಕೆಣಕಿ ಸೋತೆ.

ಮರುದಿನ ನೋಡಿದರೆ ಆ ಭಾರೀ ಹಿಮನದಿಯನ್ನು ತೆಗೆದೇ ಹಾಕಿದ್ದಾಳೆ! ಅದರ ಬದಲಿಗೆ ಹಲ್ಲಿಯ ಬಾಲದಂಥ ಒಂದು ಬಿಳಿ ಗೆರೆ.

"ಪಂಕ್ತಿ ಕೂತ ಮ್ಯಾಲ ಅಡಿಗಿ ಬದಲಿ ಮಾಡ್ತಾರೇನ ಹುಡುಗಿ?" ಎಂದೆ.

"ಇದನ್ನ ಯಾರೂ ಸರಿಯಾಗಿ ನೋಡಿಲ್ರಿ ವೈನಿ."

"ನೋಡಿಲ್ಲಂದ್ರ ಏನಾರ ಕಾರಣ ಇರಬೇಕಲ್ಲ? ಇದರ ಹೆಸರೇನು?"

"ಹೆಸರಿಲ್ಲ. ಒಂದು ನಂಬರ್ ಐತಿ."

ಅತ್ತೆ ಹಣೆ ಹಣೆ ಬಡಿದುಕೊಂಡರು. "ಹೆಸರ ಇಲ್ಲದ್ದಕ್ಕ ಯಾರ ಪಗಾರ ಕೊಡ್ತಾರ? ಹಳಿಯಾಳದ ಕ್ಲಾಸಿನವರಿಗೆ ಬರ್ತಾಳಂತ ಹೇಳಿಬಿಡಪಾ" ಎಂದು ನಮ್ಮವರಿಗೆ ಅಪ್ಪಣೆಯಾಯಿತು. ಯಾಕೆ ಬದಲಾಯಿಸಿದೆ ಎಂದರೆ ಬಾಯಿ ಬಿಡಲಿಲ್ಲ. ಮುಂಡಗೋಡದ ಮೊಮೊದಲ್ಲಿ ಏನೋ ಹಾಕಿದ್ದರು ಎಂದೇ ನನ್ನ ಗುಮಾನಿ.

ಸಂದರ್ಶನ ಲ್ಯಾಪ್‌ಟಾಪಿನಲ್ಲೇ, ನಮ್ಮ ಪಡಸಾಲೆಯಲ್ಲೇ ನಡೆಯಿತು. ಕಡು ಬೇಸಿಗೆ. ನಮ್ಮವರು ಕರ್ಫ್ಯೂ ಹಾಕಿದರು. ಕುಕ್ಕರು ಬಂದ್, ಮಿಕ್ಸರು ಬಂದ್, ಕಟಕಟ ಎನ್ನುತ್ತದೆಂದು ಫ್ಯಾನೂ ಬಂದ್. ಅದರ ಮೇಲೆ ಅತ್ತೆ ಆ ಕೆಂಪು ಸ್ವೆಟರನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿ ತಂದು, "ಇದನ್ನ ಹಾಕ್ಕೊಂಡ ಕೂಡು, ಒಳ್ಳೇದಾಗ್ತೈತಿ" ಎಂದು ಪಟ್ಟು ಹಿಡಿದರು. ಪಾಪದ್ದು, ಹಾಕಿಕೊಂಡಿತು! ದಾಂಡೇಲಿಯ ಬೇಸಿಗೆಯಲ್ಲಿ ಕತ್ತಿನ ತನಕ ಉಣ್ಣೆ, ಹಣೆಯಿಂದ ಬೆವರಿನ ಧಾರೆ. ಆ ಕಡೆಯಿಂದ ಒಬ್ಬ ಸಾಹೇಬರು ಬಹಳ ಕಾಳಜಿಯಿಂದ, "ನಿಮ್ಮಲ್ಲಿ ಅಷ್ಟು ಚಳಿ ಇದೆಯೇ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾದಿನಿ, "ಇಲ್ಲ ಸರ್, ನಮ್ಮ ತಾಯಿ ಬಾಗಿಲಲ್ಲಿ ನಿಂತಿದ್ದಾರೆ" ಎಂದಳು. ಅವರಿಗೇನು ಅರ್ಥವಾಯಿತೋ, ಮುಂದೆ ಕೇಳಲಿಲ್ಲ.

ನಾನು ಅಡಿಗೆಮನೆಯ ಬಾಗಿಲ ಪರದೆಯ ಹಿಂದೆ ಕಿವಿಯಾಗಿ ನಿಂತಿದ್ದೆ. ಬರಬಾರದ ಪ್ರಶ್ನೆ ಕೊನೆಗೂ ಬಂತು. ಇಷ್ಟು ಸಣ್ಣದು, ಇಷ್ಟು ನಿಧಾನದ್ದು, ವರ್ಷದ ಅರ್ಧ ಮೋಡದಲ್ಲಿರುವಂಥದ್ದು, ಇದನ್ನೇ ಯಾಕೆ ಆರಿಸಿದಿರಿ?

"ದೊಡ್ಡವುಗಳನ್ನು ನೋಡಲು ಬಹಳ ಜನರಿದ್ದಾರೆ ಸರ್. ಇದು ಎಲ್ಲಿ ತನಕ ಬಂದಿದೆ ಎಂದು ತಿಳಿಯುವುದು ಒಬ್ಬರಿಗೆ ಬೇಕಾಗಿದೆ."

"ಯಾರಿಗೆ?"

"ಅದು ವಿಜ್ಞಾನಕ್ಕೆ ಸಂಬಂಧಪಟ್ಟ ವಿಷಯವಲ್ಲ ಸರ್."

ಹೋಯಿತು! ಹಳಿಯಾಳದ ಕೋಚಿಂಗ್ ಕ್ಲಾಸು ನನ್ನ ಕಣ್ಣ ಮುಂದೆಯೇ ಬಂದು ನಿಂತಿತು. ಸಾಹೇಬರಿಗೆ ಹೀಗೆ ಉತ್ತರ ಕೊಡುವವರು ಉಂಟೇ? ಸಾಲದ್ದಕ್ಕೆ, "ಇದರಲ್ಲಿ ಹೆಚ್ಚು-ಕಡಿಮೆ ಬಹಳ ಬರುತ್ತದೆ, ಅದನ್ನು ನಾನು ಮುಚ್ಚಿಡುವುದಿಲ್ಲ" ಎಂದು ಕೇಳದೇ ಇದ್ದದ್ದನ್ನೂ ಹೇಳಿದಳು. ಸಂದರ್ಶನ ಮುಗಿಯಿತು. ಸ್ವೆಟರ್ ಹಿಂಡಿದರೆ ಒಂದು ಬಕೆಟ್ ಬೆವರು ಬರುತ್ತಿತ್ತು. ಆಕೆ ಫ್ಯಾನಿನ ಕೆಳಗೆ ಕೂತು ಅಳುತ್ತಿದ್ದಾಳೋ ಬೆವರು ಒರೆಸುತ್ತಿದ್ದಾಳೋ ತಿಳಿಯಲಿಲ್ಲ. ಅವತ್ತು ನಾನು ಕಾಡಲಿಲ್ಲ.

ಮಳೆ ಹಿಡಿಯಿತು. ನಮ್ಮವರು ಹಳಿಯಾಳದವರ ಹತ್ತಿರ ಮಾತಾಡಿಯೂ ಬಂದರು. ನಾದಿನಿ ಭೂಗೋಳದ ಪುಸ್ತಕ ತೆಗೆದು ಧೂಳು ಒರೆಸಿಟ್ಟಳು. ಹಾಗೆ ಒರೆಸಿಟ್ಟ ವಾರವೇ ಪತ್ರ ಬಂತು. ಆಯ್ಕೆಯಾಗಿದ್ದಾಳೆ! ಅವರಿಗೆ ಬೇಕಾದ ದೊಡ್ಡದೊಂದನ್ನೂ ನೋಡಬೇಕು, ಜೊತೆಗೆ ಆಕೆಯ ಹಲ್ಲಿಬಾಲವನ್ನೂ ನೋಡಿಕೊಳ್ಳಬಹುದು. ಹೆಚ್ಚು-ಕಡಿಮೆಯನ್ನು ಮುಚ್ಚಿಡದ ಹುಡುಗಿ ಬೇಕಿತ್ತೆಂದು ನಾದಿನಿ ಹೇಳುತ್ತಾಳೆ. ಎಲ್ಲಾ ಸ್ವೆಟರಿನ ಮಹಿಮೆ ಎಂದು ಅತ್ತೆ ಹೇಳುತ್ತಾರೆ. ನಾನು ಅತ್ತೆಯ ಕಡೆ, ಯಾಕೆಂದರೆ ಅವರ ಮನೆಯಲ್ಲಿ ನಾನು ಬಾಳಬೇಕು.

ಉತ್ತರಕ್ಕೆ ಹೋದವಳು ದೀಪಾವಳಿಗೆ ಬಂದಳು, ನಿಧಾನಕ್ಕೆ. ಬಂದವಳೇ ಚಕ್ಕಲಿ ಬಾಯಿಗೆ ಹಾಕಿಕೊಳ್ಳುತ್ತ, "ವೈನಿ, ಮುಂಡಗೋಡಕ್ಕ ಹೋಗೂಣು ಬರ್ರಿ" ಎಂದಳು.

"ಯಾಕ, ಇನ್ನೊಂದ ಸ್ವೆಟರ?"

ನಗಲಿಲ್ಲ. ಅದನ್ನು ನೋಡಿಯೇ ನಾನು ಕಾರು ಹತ್ತಿದೆ.

ಖಾನಾವಳಿಯ ಅಜ್ಜಿ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. ಐವತ್ತು ವರ್ಷದ ಮೇಲಾಯಿತು ಈ ಕಡೆ ಬಂದು, ಮಾತು ನಮ್ಮದೇ.

"ಬಂದ್ಯಾ? ನೋಡಿದ್ಯಾ? ಈಗ ಹೇಳು, ನಮ್ಮವ್ವ ಎಲ್ಲಿತನಕಾ ಬಂದಾಳ?"

ನನಗೆ ತಲೆಬುಡ ತಿಳಿಯಲಿಲ್ಲ. ಅಜ್ಜಿ ನನ್ನ ಮುಖ ನೋಡಿ, ಒಂದು ಸ್ಟೂಲು ಸರಿಸಿ ಕೂಡಿಸಿ, ತಾನೇ ಹೇಳಿದಳು. ಊರು ಬಿಟ್ಟು ಗುಡ್ಡ ದಾಟಿ ಬರುವಾಗ ಅಜ್ಜಿ ಸಣ್ಣ ಕೂಸು. ಎರಡು ಕರಿ ಶಿಖರ, ನಡುವೆ ಹಿಮ, ಕೆಳಗೆ ದೂರದಲ್ಲಿ ಒಂದು ಕೆರೆ. ಆ ಹಿಮದ ಮೇಲೆ ಅವ್ವ ಕೂತಳು, ಮತ್ತೆ ಏಳಲಿಲ್ಲ. ಹಿಂದೆ ಬೆನ್ನು ಹತ್ತಿದವರ ಭಯ. ಜೊತೆಯವರು ಅಲ್ಲೇ ಹಿಮ ಸರಿಸಿ ಮಲಗಿಸಿ, ಮೇಲೆ ಹಿಮ ಮುಚ್ಚಿ, ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಇಳಿದರು.

"ಇಷ್ಟ ವರ್ಷ ಅಕಿ ಅಲ್ಲೇ ಅದಾಳಂತ ತಿಳಕೊಂಡಿದ್ನಿ. ಈ ಹುಡುಗಿ ಬಂದು, ಹಿಮ ನಿಂತಲ್ಲಿ ನಿಲ್ಲೂದಿಲ್ಲ, ತನ್ನೊಳಗಿದ್ದದ್ದನ್ನೆಲ್ಲಾ ಹೊತ್ಕೊಂಡು ಇಳೀತೈತಿ ಅಂತಂದ್ಲು. ಹಂಗಾರ ನಮ್ಮವ್ವನೂ ಬರಾಕತ್ತಿರಬೇಕಲ್ಲ?"

ನಾದಿನಿ ಲ್ಯಾಪ್‌ಟಾಪ್ ತೆರೆಯಲಿಲ್ಲ. ಅಜ್ಜಿಯ ಹಿಟ್ಟಿನ ಕೈಯನ್ನು ಹಿಡಿದುಕೊಂಡಳು.

"ಬರಾಕತ್ತಾರ ಅಜ್ಜಿ. ದಿನಾ ಎರಡು ಬೆರಳು. ಬಿಸಲ ಬರ್ಲಿ, ಮೋಡ ಬರ್ಲಿ, ಒಂದ ದಿನಾನೂ ನಿಂತಿಲ್ಲ. ಕೆರಿ ಕಡೆ ಇಳಿಯಾಕತ್ತಾರ. ನಮ್ಮ ಕಡೆನ."

ಹೆಚ್ಚು-ಕಡಿಮೆ ಎಷ್ಟು ಎಂದು ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ನಾನು ಕಾದೆ. ಹೇಳಲಿಲ್ಲ. ಬಟಾಣಿ ಪಾಕೀಟು ಕಾಯುತ್ತಿದ್ದ ನನ್ನ ಈ ಹುಚ್ಚು ನಾದಿನಿಯನ್ನು ಅಲ್ಲೇ ತಬ್ಬಿಕೊಳ್ಳಬೇಕೆನಿಸಿತು.

ಅಜ್ಜಿ ತನ್ನ ಎರಡು ಬೆರಳನ್ನು ಜೋಡಿಸಿ ಮೇಜಿನ ಮೇಲಿಟ್ಟು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕಣ್ಣು ಒರೆಸಿಕೊಂಡು ನಕ್ಕಳು.

"ಅಕಿ ಮೊದಲಿಂದನೂ ಹಂಗ. ಸಾವಕಾಶ ನಡೀತಿದ್ಲು. ಗಡಿಬಿಡಿ ಇದ್ದದ್ದು ನಮಗ."